ಮೂರನೆಯ ವೇಷ

ನವೆಂಬರ್ 29, ಭಾನುವಾರ

ಇವತ್ತು ನನ್ನ ಗಂಡ ಸೆಲ್ಬಿ ನಮ್ಮೂರು ಟರ್ ಕೋವ್ ಇಡೀ ನೋಡುತ್ತಿರುವಾಗ ನನ್ನನ್ನು ಎತ್ತಿಕೊಂಡು ಚರ್ಚಿಗೆ ಬಂದ. ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ಎರಡು ಕೈಯಲ್ಲಿ ಎತ್ತಿಕೊಂಡು!

ನನ್ನ ಬೂಟಿನ ಅಟ್ಟೆ ಸವೆದಿತ್ತು. ಜಾರಿ ಬೀಳುತ್ತೀಯ ಎಂದು ಹೋದ ತಿಂಗಳು ಅವನೇ ಅವನ್ನು ರಿಪೇರಿಗೆ ಕೊಟ್ಟುಬಂದ. ಇನ್ನೂ ವಾಪಸು ಬಂದಿಲ್ಲ. ಮನೆಯೊಳಗೆ ಹಾಕುವ ಬಟ್ಟೆ ಚಪ್ಪಲಿಯಲ್ಲಿ ಹಿಮ ತುಳಿಯುವುದು ಹೇಗೆ? ಅದಕ್ಕೇ ಟ್ರಕ್ಕಿನಿಂದ ಬಾಚಿ ಎತ್ತಿಕೊಂಡ. ಮೆಟ್ಟಿಲ ಮೇಲಿದ್ದ ಹೆಂಗಸರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. "ನಮ್ಮನೇ ಗಂಡ್ಸು ನನ್ನ ಚೀಲಾನೂ ಎತ್ತಲ್ಲ ಕಣೆ," ಎಂದಳು ಒಬ್ಬಳು. ನನಗೆ ಮುಜುಗರ, ಹೆಮ್ಮೆ ಎರಡೂ ಒಟ್ಟಿಗೆ ಆಯಿತು.

ತಿರುವಿನಾಚೆ ಮನೆಯ ಬ್ರೈಡಿ ಅಕ್ಕ ಮಾತ್ರ ನಗಲಿಲ್ಲ. ಸೆಲ್ಬಿಯ ಅಮ್ಮ ಫೀಮಿ ಅತ್ತೆ ಮುಖ ತಿರುಗಿಸಿಕೊಂಡು ಬೈಬಲ್ಲಿನ ಪುಟ ಹುಡುಕುತ್ತಿದ್ದರು. ಅತ್ತೆ ಮಗನೆದುರು ಬಾಯಿ ಬಿಟ್ಟದ್ದನ್ನು ನಾನು ಇಷ್ಟು ವರ್ಷದಲ್ಲಿ ಕಂಡಿಲ್ಲ. ಅವನು ಬಂದರೆ ಅವರು ಎದ್ದು ಹೋಗುತ್ತಾರೆ. ನಾನು ಕೊಲ್ಲಿಯ ಆಚೆ ದಡದವಳು, ಅವರಿಗೆ ಹಿಡಿಸಿಲ್ಲ ಎಂದೇ ನನ್ನ ಲೆಕ್ಕ.

ನಾನು ಬೆರಗಾಗುವ ಜಾತಿಯವಳು. ಮೊದಲ ಮಂಜುಗಡ್ಡೆ ಬಂದರೂ, ತಿಮಿಂಗಿಲ ಉಸಿರು ಬಿಟ್ಟರೂ ಬಾಯಿ ತೆರೆದುಕೊಂಡು ನಿಲ್ಲುತ್ತೇನೆ. "ಬಾಯ್ ಮುಚ್ಚೇ ಲೊರೆಟಾ, ಸಮುದ್ರ ಒಳಗೆ ನುಗ್ಗೀತು," ಎನ್ನುತ್ತಿದ್ದಳು ಅಮ್ಮ. ಇವತ್ತು ನನ್ನ ಗಂಡನ ತೋಳಿನ ಬಲಕ್ಕೆ ಬೆರಗಾದೆ.

ಡಿಸೆಂಬರ್ 3

ಬ್ರೈಡಿ ಅಕ್ಕ ಬಾಗಿಲು ತಟ್ಟಿದಳು! ಈ ಊರಲ್ಲಿ ಬಾಗಿಲು ತಟ್ಟುವವರು ಪೊಲೀಸರು, ಇಲ್ಲವೇ ದಾರಿ ತಪ್ಪಿದವರು. ಉಳಿದವರೆಲ್ಲ ಹಿಂಬಾಗಿಲು ತಳ್ಳಿಕೊಂಡು ಬಂದು, ಕೆಟಲ್ಲನ್ನು ಒಲೆಯ ಮೇಲಿಟ್ಟು, ಆಮೇಲೆ ಮನೆಯಲ್ಲಿ ಯಾರಾದರೂ ಇದ್ದೀರಾ ಎಂದು ಕೇಳುವವರು. ಆದರೆ ಈಚೆಗೆ ಸೆಲ್ಬಿ ಒಳಗಿನಿಂದ ಚಿಲಕ ಹಾಕಿಸಿದ್ದಾನಲ್ಲ. ಅವನು ಹಕ್ಕಿ ಹೊಡೆಯಲು ದೋಣಿಯಲ್ಲಿ ಹೋಗಿದ್ದ. ನಾನೇ ತೆಗೆದೆ.

"ಏನೇ ಇದು, ಮನೆಯಾ ಬ್ಯಾಂಕಾ?" ಎನ್ನುತ್ತಾ ಬಂದಳು.

"ಗಾಳಿಗೆ ಬಾಗ್ಲು ತಕ್ಕೊಳತ್ತೆ ಅಂತ ಅವ್ನು ಹಾಕ್ಸಿದ್ದು ಅಕ್ಕ."

"ಓ, ಈ ವರ್ಷ ಹೊಸದಾಗಿ ಗಾಳಿ ಬಂದಿದೆ ನೋಡು ನಮ್ಮೂರಿಗೆ." ಕುರ್ಚಿ ಎಳೆದುಕೊಂಡು ಕೂತಳು. ನನ್ನ ಕಾಲು ನೋಡಿದಳು. "ಬೂಟು ಬಂತಾ?"

"ಇಲ್ಲ."

"ಯಾರ ಹತ್ರ ಕೊಟ್ಟಿದಾನೆ? ಬೂಟು ಹೊಲಿಯೋರು ಈ ಕರಾವಳೀಲೇ ಯಾರೂ ಉಳಿದಿಲ್ವಲ್ಲೇ."

"ಅವನಿಗೆ ಗೊತ್ತಿರತ್ತೆ ಬಿಡು," ಎಂದೆ. ಬ್ರೈಡಿ ಅಕ್ಕನಿಗೆ ಎಲ್ಲದರಲ್ಲೂ ಮೂಗು ತೂರಿಸುವ ಚಟ. ಆದರೂ ಅವಳು ಹೋದ ಮೇಲೆ ಅಡುಗೆಮನೆ ಇದ್ದಕ್ಕಿದ್ದಂತೆ ದೊಡ್ಡದಾಗಿ ಕಂಡಿತು. ಅವಳು ಕುಡಿದ ಕಪ್ಪನ್ನು ತೊಳೆದು, ಒರೆಸಿ, ಜಾಗಕ್ಕಿಟ್ಟೆ. ಯಾರೂ ಬಂದಿರಲಿಲ್ಲ ಎನ್ನುವ ಹಾಗೆ.

ಡಿಸೆಂಬರ್ 7

ಫೋನಿನಲ್ಲಿ ಒಂದು ಗುಂಡಿ ಇದೆ. ಒತ್ತಿದರೆ ಕೊನೆಯಲ್ಲಿ ಮಾಡಿದ ನಂಬರಿಗೆ ತಾನೇ ಹೋಗುತ್ತದೆ. ಎಂಥೆಂಥ ಉಪಾಯ ಕಂಡುಹಿಡಿಯುತ್ತಾರೆ ಜನ! ಸೆಲ್ಬಿ ಬಂದವನೇ ಅದನ್ನು ಒತ್ತಿದ. ಆ ಕಡೆ ನನ್ನ ತಂಗಿ ಡಲ್ಸಿ "ಹಲೋ" ಎಂದಳಂತೆ.

"ಅವ್ಳ ಜೊತೆ ಮಾತಾಡಿದ್ ದಿನ ನಿನ್ನ ಮುಖ ಸಪ್ಪಗಿರತ್ತೆ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು. ನಿನಗಿಂತ ಚೆನ್ನಾಗಿ ನಿನ್ನ ನಾನು ಬಲ್ಲೆ," ಎಂದ.

ಅದು ನಿಜವೇ ಇರಬೇಕು. ನನ್ನ ಉಸಿರಾಟ ಕೇಳಿಯೇ ನಾನು ಯಾವ ಕೋಣೆಯಲ್ಲಿದ್ದೇನೆ ಎಂದು ಹೇಳುತ್ತಾನೆ. ಅಷ್ಟು ಗಮನ ಯಾವ ಹೆಂಗಸಿಗೆ ಸಿಗುತ್ತದೆ?

ಡಿಸೆಂಬರ್ 9

ದೊಡ್ಡ ಸುದ್ದಿ. ಕ್ರಿಸ್ಮಸ್ ಹಬ್ಬದ ಹನ್ನೆರಡು ದಿನ ಮುಗಿದ ಮರುದಿನ, ಜನವರಿ ಏಳಕ್ಕೆ, ಒಳನಾಡಿನ ಕ್ಯಾಬಿನ್ನಿಗೆ ಹೋಗುತ್ತೇವಂತೆ. ಮಂಜು ಕರಗುವವರೆಗೂ ಅಲ್ಲೇ. ಅವನು ಮೊಲಕ್ಕೆ ಉರುಳು ಹಾಕುತ್ತಾನೆ, ನಾನು ರೊಟ್ಟಿ ಸುಡುವುದು. ಫೋನಿಲ್ಲ, ರಸ್ತೆಯಿಲ್ಲ, ಸ್ನೋಮೊಬೈಲಿನಲ್ಲಿ ಹೋದರೆ ಅರ್ಧ ದಿನ. "ನಾವಿಬ್ರೇ," ಎಂದ ಸೆಲ್ಬಿ. ಅವನ ಕಣ್ಣು ಮಿನುಗುತ್ತಿತ್ತು.

ಒಮ್ಮೆ ಬೇಟೆಯ ಕಾಲದಲ್ಲಿ ಅಲ್ಲಿಗೆ ಹೋಗಿದ್ದೆ. ಕೆರೆಯಾಚೆ ಹಿಮ ಎಲ್ಲಿ ಮುಗಿಯುತ್ತದೆ, ಆಕಾಶ ಎಲ್ಲಿ ಶುರುವಾಗುತ್ತದೆ ತಿಳಿಯುವುದಿಲ್ಲ. ನೋಡುತ್ತ ನಿಂತರೆ ಮೈ ಜುಮ್ಮೆನ್ನುತ್ತದೆ. ಈಗ ನೆನೆಸಿಕೊಂಡರೂ ಜುಮ್ಮೆನ್ನುತ್ತಿದೆ. ಇದು ಸಂತೋಷವೇ ಇರಬೇಕು.

"ಮಧ್ಯೆ ಒಂದ್ಸಲ ಊರಿಗೆ ಬರ್ಬೋದಾ?" ಎಂದು ಕೇಳಿದೆ.

"ಯಾಕೆ? ಯಾರಿದಾರೆ ಇಲ್ಲಿ?" ಎಂದ.

ಡಿಸೆಂಬರ್ 11

ಬರೆಯುವಂಥದ್ದೇನಿಲ್ಲ. ಮಣಿಕಟ್ಟು ಊದಿದೆ. ನಾನೇ ಮಾತು ಬೆಳೆಸಬಾರದಿತ್ತು.

ಡಿಸೆಂಬರ್ 16

ಇವತ್ತಿನದನ್ನು ಹೇಗೆ ಬರೆಯಲಿ? ಸೆಲ್ಬಿ ಸೌದೆ ತರಲು ಹೋಗಿದ್ದಾನೆ.

ಬ್ರೈಡಿ ಅಕ್ಕ ಸೆಲ್ಬಿಯನ್ನೇ ಅಂಗಡಿಯಲ್ಲಿ ಹಿಡಿದು, ನಾಲ್ಕು ಜನರ ಮುಂದೆ ಕೇಳಿದ್ದಳಂತೆ: "ನಿನ್ ಹೆಂಡ್ತೀನ ಒಂದ್ ಗಂಟೆ ಕಳ್ಸೋ ಮಾರಾಯ, ಹಬ್ಬದ ಕೇಕಿಗೆ ಕೈ ಬೇಕು. ಅವಳೇನು ಕರಗಿಹೋಗಲ್ಲ." ನಾಲ್ಕು ಜನರ ಮುಂದೆ ಇಲ್ಲವೆನ್ನಲು ಅವನಿಗಾಗಲಿಲ್ಲ. ಟ್ರಕ್ಕಿನಲ್ಲಿ ಕರೆತಂದು, ಎತ್ತಿಕೊಂಡು ಬ್ರೈಡಿ ಅಕ್ಕನ ಅಡುಗೆಮನೆಯಲ್ಲಿಳಿಸಿ ಹೋದ.

ಅವನ ಟ್ರಕ್ಕು ತಿರುವು ದಾಟಿದ್ದೇ ತಡ, ಅಕ್ಕ ಹಿಟ್ಟಿನ ಕೈ ಒರೆಸಿಕೊಂಡು ಒಂದು ನಂಬರು ಒತ್ತಿ ಫೋನನ್ನು ನನ್ನ ಕೈಗಿಟ್ಟಳು. "ಮಾತಾಡು. ಬೇಡ ಅನ್ಸಿದ್ರೆ ಇಟ್ಬಿಡು. ನಾನು ಆ ಕಡೆ ತಿರುಕ್ಕೊಂಡಿರ್ತೀನಿ," ಎಂದಳು.

ಯಾರೋ ಹೆಂಗಸಿನ ದನಿ. ವಯಸ್ಸಾದ ದನಿ, ಅವಸರವಿಲ್ಲದ್ದು. "ಈಗ ನೀನಿರೋ ಜಾಗದಲ್ಲಿ ಮಾತಾಡೋಕೆ ಭಯ ಇಲ್ವಾ ತಾಯಿ?" ಎಂದು ಮೊದಲು ಕೇಳಿದಳು. ಹೀಗೂ ಕೇಳುತ್ತಾರೆ ಎಂದು ನನಗೆ ಗೊತ್ತೇ ಇರಲಿಲ್ಲ.

"ನೀವು ತಪ್ಪು ತಿಳ್ಕೊಂಡಿದೀರ. ನನ್ ಗಂಡ ನನಗೆ ಯಾವತ್ತೂ ಹೊಡೆದಿಲ್ಲ," ಎಂದೆ.

"ಸರಿ. ಹೊಡೆದ್ನಾ ಅಂತ ನಾನು ಕೇಳ್ಲಿಲ್ಲ. ಅವ್ನ ಗಾಡಿ ಸದ್ದು ಕೇಳಿದ ಕೂಡ್ಲೇ ನೀನೇನ್ ಮಾಡ್ತೀಯ, ಅದನ್ನ ಹೇಳು."

ಅದೇನು ಮಹಾ ಪ್ರಶ್ನೆ ಎಂದುಕೊಂಡು ಹೇಳಿದೆ. ರೇಡಿಯೋ ಆರಿಸುತ್ತೇನೆ. ಕಪ್ಪುಗಳ ಹಿಡಿಯನ್ನೆಲ್ಲ ಗೋಡೆಯ ಕಡೆಗೆ ತಿರುಗಿಸುತ್ತೇನೆ. ಕೆಟಲ್ಲಿನಲ್ಲಿ ನನ್ನ ಮುಖ ನೋಡಿಕೊಂಡು ಸರಿಯಾಗಿದೆಯೇ ಎಂದು ಪರೀಕ್ಷಿಸುತ್ತೇನೆ.

"ಮಾಡ್ದೇ ಇದ್ರೆ?"

"ಗೊತ್ತಿಲ್ಲ. ಮಾಡ್ದೇ ಇದ್ದಿದ್ದೇ ಇಲ್ಲ."

"ನಾಳೆ ಬೆಳಿಗ್ಗೆ ನಿನಗೆ ಸುಮ್ನೆ ಸಮುದ್ರದ ತನಕ ನಡ್ಕೊಂಡು ಹೋಗ್ಬೇಕು ಅನ್ಸಿದ್ರೆ, ಹೋಗ್ಬೋದಾ?"

"ಬೂಟಿಲ್ಲ," ಎಂದೆ. ಆಮೇಲೆ ಬೂಟಿನ ಕಥೆ ಹೇಳಿದೆ, ಚರ್ಚಿಗೆ ಎತ್ತಿಕೊಂಡು ಹೋದದ್ದನ್ನೂ ಹೇಳಿದೆ. ಇಲ್ಲಿ ಬರೆದಾಗ ಅದು ಒಂದು ಕಥೆಯಾಗಿತ್ತು. ಆ ಹೆಂಗಸಿಗೆ ಹೇಳುತ್ತಾ ಹೇಳುತ್ತಾ ಅದೇ ಮಾತುಗಳು ಬೇರೆ ಕಥೆಯಾದವು. ನನ್ನ ದನಿ ನನಗೇ ಅಪರಿಚಿತವಾಗಿ ಕೇಳಿಸಿತು. ಚಿಲಕ, ಫೋನಿನ ಗುಂಡಿ, ಡಲ್ಸಿ, ಕ್ಯಾಬಿನ್, ಮಣಿಕಟ್ಟು, ಎಲ್ಲ ಒಂದೊಂದಾಗಿ ಬಂತು. ನಾನು ಕೇಳಿಸಿಕೊಳ್ಳುತ್ತ ನಿಂತಿದ್ದೆ, ಹೇಳುತ್ತಿದ್ದವಳು ಬೇರೆ ಯಾರೋ.

"ಇದಕ್ಕೊಂದು ಹೆಸರಿದೆ ತಾಯಿ. ದೌರ್ಜನ್ಯ ಅಂತಾರೆ. ಹೊಡೆತ ಅದ್ರಲ್ಲಿ ಒಂದು ಭಾಗ, ಅಷ್ಟೇ," ಎಂದಳು.

ಅಬ್ಬಾ, ಆ ಹೆಂಗಸು! ನನ್ನ ಮುಖ ಕಂಡವಳಲ್ಲ, ಟರ್ ಕೋವ್ ಎಲ್ಲಿದೆಯೋ ಗೊತ್ತಿರಲಿಕ್ಕಿಲ್ಲ. ಆದರೂ ನನ್ನ ಅಡುಗೆಮನೆಯ ಮೂಲೆಯಲ್ಲಿ ವರ್ಷಗಟ್ಟಲೆ ಕೂತು ನೋಡಿದವಳ ಹಾಗೆ ಮಾತಾಡಿದಳು. ಹೆಂಗಸರಿಗಾಗಿಯೇ ಒಂದು ಮನೆ ಇದೆಯಂತೆ, ವಿಳಾಸ ಯಾರಿಗೂ ಹೇಳುವುದಿಲ್ಲವಂತೆ. ಮನೆಯಲ್ಲಿ ಬಂದೂಕಿದೆಯೇ ಎಂದು ಕೇಳಿದಳು. ಇದೆ ಎಂದೆ, ಹಕ್ಕಿ ಹೊಡೆಯುವುದು. ಆಗ ದನಿ ಇನ್ನೂ ನಿಧಾನವಾಯಿತು. "ಹೋಗ್ತೀನಿ ಅಂತ ಅವನಿಗೆ ಹೇಳ್ಬೇಡ. ಜಗಳದಲ್ಲೂ ಬಾಯಿ ಬಿಡ್ಬೇಡ. ಹೊರಡೋ ಹೊತ್ತೇ ಎಲ್ಲಕ್ಕಿಂತ ಅಪಾಯದ್ದು. ಹೋಗ್ಬೇಕೋ ಬೇಡ್ವೋ ನೀನೇ ತೀರ್ಮಾನ ಮಾಡು. ಮಾಡಿದ್ರೆ, ಹೇಗೆ ಅಂತ ಜೊತೆಗೆ ಕೂತು ಯೋಚ್ನೆ ಮಾಡೋಣ."

ಅಷ್ಟರಲ್ಲಿ ಟ್ರಕ್ಕಿನ ಸದ್ದು. ಅವನು ಫೋನು ಮಾಡಿ ನೋಡಿದ್ದಾನೆ, ಲೈನು ಸಿಕ್ಕಿಲ್ಲ, ಬಂದುಬಿಟ್ಟಿದ್ದಾನೆ. ಬ್ರೈಡಿ ಅಕ್ಕ ನನ್ನ ಕೈಯಿಂದ ಫೋನು ಕಿತ್ತು, ಹವಾಮಾನದ ನಂಬರು ಒತ್ತಿ, ಕೇಳಿ ಇಟ್ಟಳು. ಸೆಲ್ಬಿ ಒಳಗೆ ಬರುವಷ್ಟರಲ್ಲಿ ನನ್ನ ಕೈ ಹಿಟ್ಟಿನೊಳಗಿತ್ತು.

"ಯಾರ್ ಜೊತೆ ಅಷ್ಟು ಹರಟೆ?" ಎಂದು ನಗುತ್ತಲೇ ಕೇಳಿದ. ನಗುತ್ತಲೇ ಅಕ್ಕನ ಫೋನಿನ ಆ ಗುಂಡಿ ಒತ್ತಿದ. ಉತ್ತರದ ಗಾಳಿ, ಸಂಜೆಗೆ ಹಿಮ ಎಂದಿತು ಫೋನು.

"ಹಿಮ ಬೀಳತ್ತಂತೆ ಸೆಲ್ಬಿ," ಎಂದಳು ಬ್ರೈಡಿ ಅಕ್ಕ ಒಣದ್ರಾಕ್ಷಿ ಬಾಯಿಗೆ ಹಾಕಿಕೊಳ್ಳುತ್ತಾ. "ಸೌದೆ ಮುಚ್ಚಿಡು."

ಡಿಸೆಂಬರ್ 20

ಕಪ್ಪುಗಳ ಹಿಡಿ ಗೋಡೆಯ ಕಡೆ. ದಿನವೂ ತಿರುಗಿಸುತ್ತಿದ್ದೆ, ಕಂಡಿರಲಿಲ್ಲ. ಈಗ ಕಾಣುತ್ತಿದೆ. ಕಂಡರೂ ತಿರುಗಿಸಿದೆ.

ಡಿಸೆಂಬರ್ 27

ವೇಷದ ದಿನಗಳು ಶುರುವಾದವು. ಕ್ರಿಸ್ಮಸ್ಸಿನ ಮರುದಿನದಿಂದ ಜನವರಿ ಆರರವರೆಗೆ ಮಮ್ಮರ್ ವೇಷ ಹಾಕಿದವರು ಸಂಜೆ ಮನೆಮನೆಗೆ ಬರುತ್ತಾರೆ. ಮುಖಕ್ಕೆ ದಿಂಬಿನ ಗೌಸು ಇಲ್ಲವೇ ಪರದೆಯ ಬಟ್ಟೆ. ಹೆಂಗಸರು ಗಂಡಸರ ಬಟ್ಟೆ ಹಾಕುತ್ತಾರೆ, ಗಂಡಸರು ಹೆಂಗಸರದ್ದು. ಗುರುತು ಸಿಗದ ಹಾಗೆ ಉಸಿರು ಒಳಗೆಳೆದುಕೊಂಡೇ ಮಾತಾಡುತ್ತಾರೆ. ಯಾರೆಂದು ಗುರುತು ಹಿಡಿದರೆ ಅವರು ಮುಸುಕು ತೆಗೆಯಬೇಕು, ಮನೆಯವರು ಕೇಕು ಕೊಡಬೇಕು, ಕುಡಿಯಲು ಕೊಡಬೇಕು.

ಚಿಲಕ ಹಾಕಿದ ಸೆಲ್ಬಿಯೂ ವೇಷದವರಿಗೆ ಬಾಗಿಲು ಮುಚ್ಚಲಾರ. ಮುಚ್ಚಿದರೆ ಊರು ಸಾಯುವವರೆಗೂ ಆಡಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಾಗಿ, ಗುರುತು ಹಿಡಿಯುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಯಾರನ್ನೂ ಅವನು ತಪ್ಪಾಗಿ ಹೇಳಿದ್ದಿಲ್ಲ. ಇವತ್ತು ಗೂನು ಬೆನ್ನಿನ ಒಬ್ಬ ಮುದುಕ ಒಳಗೆ ಕಾಲಿಟ್ಟದ್ದೇ, "ಬ್ರೈಡಿ! ಹಾಗೆ ಮುಷ್ಟಿಯಿಂದ ಹೆಬ್ಬೆರಳು ಹೊರಗೆ ಬಿಟ್ಕೊಂಡು ನಡಿಯೋದು ನೀನೊಬ್ಳೇ," ಎಂದು ಕೂಗಿದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅಕ್ಕ ಮುಸುಕು ತೆಗೆಯುವ ಮೊದಲು ನನ್ನನ್ನು ಎಳೆದುಕೊಂಡು ಒಂದು ಸುತ್ತು ಕುಣಿದಳು. ಕುಣಿಯುತ್ತಲೇ ಕಿವಿಯಲ್ಲಿ ಪಿಸುಗುಟ್ಟಿದಳು. "ಐದನೇ ತಾರೀಕು ಸಂಜೆ ಮೂರು ಜನ ಬರ್ತೀವಿ. ಹಳದಿ ರಬ್ಬರ್ ಕೋಟಿನವರು ಉಗ್ರಾಣಕ್ಕೆ ಹೋದ್ರೆ ಹಿಂದೇನೇ ಹೋಗು. ಏನೂ ಕೇಳ್ಬೇಡ. ಬರೋದಿದ್ರೆ ನನ್ ಕೈ ಹಿಸುಕು."

ಎಷ್ಟು ಹೊತ್ತು ಕುಣಿದೆವೋ ತಿಳಿಯದು. ನಾನು ಹಿಸುಕಿದೆ. ಹಿಸುಕಿದ್ದು ನನ್ನ ಕೈಯೇ.

ಜನವರಿ 2

ಬೇಡ. ಹೋಗುವುದಿಲ್ಲ. ನಿನ್ನೆ ಅವನು ನನಗಾಗಿ ಪ್ಯಾನ್‌ಕೇಕ್ ಮಾಡಿದ, ನನ್ನ ಕಾಲು ತನ್ನ ಮಡಿಲಲ್ಲಿಟ್ಟುಕೊಂಡು ಬೆಚ್ಚಗೆ ತಿಕ್ಕಿದ. ಎಂಥವಳು ನಾನು?

ಜನವರಿ 3

ಸೌದೆಯ ಕೊಟ್ಟಿಗೆಯಲ್ಲಿ, ಟಾರ್ಪಾಲಿನಡಿ, ನನ್ನ ಬೂಟುಗಳು ಸಿಕ್ಕವು. ಅಟ್ಟೆ ಸವೆದೇ ಇಲ್ಲ. ಎರಡನ್ನೂ ಮೊಳೆ ಹೊಡೆದು ಹಲಗೆಗೆ ಬಡಿದಿಟ್ಟಿದ್ದಾನೆ.

ಎಷ್ಟು ಶ್ರದ್ಧೆ! ಒಂದೊಂದಕ್ಕೆ ನಾಲ್ಕು ಮೊಳೆ, ಒಂದೂ ಸೊಟ್ಟಗಾಗಿಲ್ಲ. ನೋಡುತ್ತ ನಿಂತೆ. ಟಾರ್ಪಾಲನ್ನು ಮೊದಲಿನ ಹಾಗೇ ಮುಚ್ಚಿ ಬಂದೆ.

ಜನವರಿ 6

ಬೇರೆ ಊರು, ಬೇರೆ ಕೋಣೆ. ಬೆಳಕು ಹರಿದಿದೆ. ಎಲ್ಲಿದ್ದೇನೆ ಎಂದು ಇಲ್ಲೂ ಬರೆಯುವುದಿಲ್ಲ. ಎದುರು ಮಂಚದಲ್ಲಿ ಯಾರೋ ಹೆಂಗಸು ಗೊರಕೆ ಹೊಡೆಯುತ್ತಿದ್ದಾಳೆ, ಎಷ್ಟು ನಿಶ್ಚಿಂತೆಯಿಂದ!

ನಿನ್ನೆ ಕತ್ತಲಾಗುತ್ತಿದ್ದ ಹಾಗೆ ಬಂದರು. ಮದುಮಗಳ ಉಡುಪಿನ ಗಡ್ಡದ ದೈತ್ಯ, ಕೈಯಲ್ಲಿ ಅಕಾರ್ಡಿಯನ್. ಅವನ ಹಿಂದೆ ಹೊಟ್ಟೆ ಮುಂದೆ ಬಿಟ್ಟ ಪಾದ್ರಿ. ಕೊನೆಯವರದು ಕಾಲಿನ ತನಕ ಹಳದಿ ರಬ್ಬರ್ ಕೋಟು, ದೊಡ್ಡ ರಬ್ಬರ್ ಬೂಟು, ತಲೆಯಿಂದ ಎದೆಯ ತನಕ ದಿಂಬಿನ ಗೌಸು. ಕಣ್ಣಿಗೆ ಎರಡು ತೂತು.

"ಹೆಡ್ಲಿ! ಆ ಕೈ ಹಿಮದಲ್ಲಿ ಸ್ಲೆಜ್ಜು ಎಳೆಯೋ ಕೈ," ಎಂದ ಸೆಲ್ಬಿ. ಮದುಮಗಳು ಮುಸುಕು ತೆಗೆದಳು, ಬ್ರೈಡಿ ಅಕ್ಕನ ಗಂಡ ಹೆಡ್ಲಿ. "ಪಾದ್ರಿ ಬ್ರೈಡಿ. ನಡಿಗೆ ಬದಲಾಯ್ಸಿದ್ರೂ ಬೆರಳು ಬದಲಾಗಲ್ಲ ಕಣೆ," ಎಂದ. ಅಕ್ಕನೂ ತೆಗೆದಳು. ಮೂರನೆಯವರು ಬಾಯೇ ಬಿಡಲಿಲ್ಲ. ಸೆಲ್ಬಿ ಸುತ್ತ ಬಂದ, ಭುಜ ಮುಟ್ಟಿ ನೋಡಿದ, ಬೂಟು ನೋಡಿದ. ನಾಲ್ಕು ಹೆಸರು ಹೇಳಿದ. ಗೌಸು ಅಡ್ಡಡ್ಡ ಆಡಿತು.

"ಮಾತಾಡೋ, ಹೇಡಿ!" ಎಂದು ಸೆಲ್ಬಿ ನಕ್ಕ, ಆದರೆ ಮುಖ ಕೆಂಪಾಗಿತ್ತು. ಹೆಡ್ಲಿ ಅಕಾರ್ಡಿಯನ್ ಎಳೆದ. ಬ್ರೈಡಿ ಅಕ್ಕ ಸೆಲ್ಬಿಯ ಗ್ಲಾಸಿಗೆ ರಮ್ ಬಗ್ಗಿಸಿ ಕೈ ಹಿಡಿದು ಕುಣಿಸತೊಡಗಿದಳು. ಹಳದಿ ಕೋಟು ಗೋಡೆಗುಂಟ ಸರಿಯುತ್ತಾ, ಬಂದೂಕಿನ ಪಕ್ಕದ ಡಬ್ಬಿಯ ಹತ್ತಿರ ಒಂದು ಕ್ಷಣ ನಿಂತು, ಉಗ್ರಾಣಕ್ಕೆ ಹೋಯಿತು.

"ಕೇಕು ತರ್ತೀನಿ," ಎಂದು ನಾನೂ ಹೋದೆ.

ಕದ ಮುಚ್ಚಿದ ಕೂಡಲೇ ಗೌಸು ಮೇಲೆದ್ದಿತು. ಫೀಮಿ ಅತ್ತೆ!

ನಾನು ಬಾಯಿ ತೆರೆದುಕೊಂಡು ನಿಂತೆ. ಬೇರೆ ಯಾರ ಮುಖ ಕಂಡಿದ್ದರೂ ಅಷ್ಟು ಬೆಚ್ಚುತ್ತಿರಲಿಲ್ಲ. ಬೆಳ್ಳಗಿನ ಕೂದಲು ಬೆವರಿಗೆ ಹಣೆಗಂಟಿತ್ತು. ಸ್ವಂತ ಮಗನ ಮನೆಗೆ ಗಂಡಸಿನ ವೇಷ ಹಾಕಿಕೊಂಡು ಬಂದಿದ್ದರು.

"ಬಾಯ್ ಮುಚ್ಚೇ. ಬಿಚ್ಚು ಬೇಗ," ಎಂದರು.

"ಅತ್ತೆ, ನೀವು..."

"ನಿನ್ ಸ್ವೆಟರ್ ಕೊಡು. ತಲೆವಸ್ತ್ರ ಕೊಡು. ನಾವಿಬ್ರೂ ಒಂದೇ ಎತ್ತರ ಇದೀವಿ, ಅಷ್ಟ್ ಸಾಕು." ತೊಡಿಸುತ್ತಾ, ಗುಂಡಿ ಹಾಕುತ್ತಾ, ಬೂಟಿನೊಳಗೆ ಉಣ್ಣೆ ತುರುಕುತ್ತಾ ಅವರ ಕೈ ಒಂದಿಷ್ಟೂ ನಡುಗಲಿಲ್ಲ. ಡಬ್ಬಿಯಿಂದ ತೆಗೆದ ತೋಟಾಗಳನ್ನು ನನ್ನ ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಅದನ್ನೂ ಕಟ್ಟಿಕೊಂಡರು.

"ನಿಮ್ಗೇನಾದ್ರೂ ಮಾಡಿದ್ರೆ?"

"ನಾನು ಹೆತ್ತೋಳು. ಹೋಗು."

ಹೊರಗೆ ಬಂದೆ. ಎರಡು ತೂತುಗಳಲ್ಲಿ ನನ್ನದೇ ಅಡುಗೆಮನೆ ಕಂಡಿತು. ಇನ್ನೇನು ಬಾಗಿಲು ಎನ್ನುವಷ್ಟರಲ್ಲಿ ಸೆಲ್ಬಿ ನನ್ನ ಸೊಂಟ ಹಿಡಿದ. "ಹಾಗ್ ಬಿಡ್ತೀನಾ ನಿನ್ನ? ಒಂದ್ ಸುತ್ತು ಕುಣಿ. ಕಾಲಲ್ಲೇ ಕಂಡುಹಿಡೀತೀನಿ."

ಹೆಡ್ಲಿಯ ಅಕಾರ್ಡಿಯನ್ ಒಮ್ಮೆ ತಡವರಿಸಿ ಮತ್ತೆ ಶುರುವಾಯಿತು. ನಾನು ನನ್ನ ಗಂಡನ ಜೊತೆ ಕುಣಿದೆ. ಅವನ ಮುಖ ನನ್ನ ಮುಖದಿಂದ ಒಂದು ಗೇಣು. ಉಸಿರು ಕೇಳಿ ಕೋಣೆ ಹೇಳುವವನು, ನನಗಿಂತ ಚೆನ್ನಾಗಿ ನನ್ನನ್ನು ಬಲ್ಲವನು! ಎರಡು ತೂತುಗಳೊಳಗೆ ನೇರವಾಗಿ ನೋಡಿದ. ನನ್ನ ಕಣ್ಣು ನೋಡಿದ. ನಾನು ಸತ್ತೆ ಎಂದುಕೊಂಡೆ.

"ಕ್ಲಾರೆನ್ಸು!" ಎಂದು ಕೂಗಿದ. "ಹೆಡ್ಲಿ ತಮ್ಮ ಕ್ಲಾರೆನ್ಸು. ಈ ಮೊದ್ದು ಕಾಲು ಅವನದ್ದೇ!"

ತಲೆ ಅಡ್ಡ ಆಡಿಸಿದೆ.

"ಸೋತೆ ಸೆಲ್ಬಿ," ಎಂದಳು ಬ್ರೈಡಿ ಅಕ್ಕ. ಅವಳ ದನಿ ಸ್ವಲ್ಪ ಮೇಲೇರಿತ್ತು. "ನಾಳೆ ಕೊನೇ ದಿನ. ಮತ್ತೆ ಬರ್ತೀವಿ, ಹೇಳು ನೋಡೋಣ."

"ನಾಳೆ ಬಿಡಲ್ಲ!" ಎನ್ನುತ್ತಾ ಅವನೇ ಚಿಲಕ ತೆಗೆದು ಬಾಗಿಲು ಹಿಡಿದುಕೊಂಡ. "ಲೊರೆಟಾ, ಹೊರಟ್ರು ಇವ್ರು, ಎಲ್ಲಿ ಕೇಕು?" ಉಗ್ರಾಣದಲ್ಲಿ ತಟ್ಟೆಗಳ ಸದ್ದಾಯಿತು. ನಾನು ಅವನ ತೋಳಿನಡಿಯಿಂದ ನುಸುಳಿ ಹೊರಗೆ ಬಂದೆ.

ಹಿಮ ತುಳಿದೆ. ನನ್ನ ಕಾಲಲ್ಲಿ ನಾನು ಹಿಮ ತುಳಿದು ಎಷ್ಟು ಕಾಲವಾಗಿತ್ತು! ಬೂಟು ಪಚಪಚನೆ ಆಡುತ್ತಿತ್ತು. ಮೇಲೆ ಅಷ್ಟೂ ನಕ್ಷತ್ರ. ಮೊದಲೂ ಅಲ್ಲೇ ಇದ್ದಿರಬೇಕು. ನಾನು ನಿಂತುಬಿಟ್ಟೆ. ಹೆಡ್ಲಿ ಮದುಮಗಳ ಲಂಗ ಎತ್ತಿಕೊಂಡು ಓಡುತ್ತಾ, "ಆಕಾಶ ಆಮೇಲ್ ನೋಡೇ ತಾಯಿ, ಹತ್ತು!" ಎಂದು ಗದರಿದ. ಅವನ ಟ್ರಕ್ಕು ಹತ್ತಿದೆವು. ಹೆದ್ದಾರಿ ಸೇರುವಲ್ಲಿ ಎರಡು ಪೊಲೀಸ್ ಕಾರು ಕಾಯುತ್ತಿದ್ದವು. ಫೋನಿನ ಹೆಂಗಸು ಹೇಳಿದ್ದಳಂತೆ. ಒಂದು ನಮ್ಮ ಹಿಂದೆ ಬಂತು. ಇನ್ನೊಂದು ಅತ್ತೆಗಾಗಿ ಟರ್ ಕೋವ್ ಕಡೆಗೆ ಹೋಯಿತು.

ದಾರಿಯುದ್ದಕ್ಕೂ ಬ್ರೈಡಿ ಅಕ್ಕ ನನ್ನ ಕೈ ಹಿಡಿದಿದ್ದಳು. ಇದೆಲ್ಲ ಅತ್ತೆಯದೇ ಯೋಚನೆ ಎಂದಳು. ಚರ್ಚಿನ ಆ ಭಾನುವಾರ ಸಂಜೆಯೇ ಅವಳ ಮನೆಗೆ ಬಂದು, ಕೋಟೂ ಬಿಚ್ಚದೆ, "ಆ ಹುಡುಗಿ ಕಾಲಲ್ಲಿ ಬೂಟಿಲ್ಲ ಬ್ರೈಡಿ," ಎಂದಿದ್ದರಂತೆ. ಇಷ್ಟು ಕಾಲ ಅವರಿಗೆ ನಾನು ಹಿಡಿಸಿಲ್ಲ ಎಂದುಕೊಂಡಿದ್ದೆನಲ್ಲ. ನನಗೆ ಅಳು ತಡೆಯಲಾಗಲಿಲ್ಲ.

ಜನವರಿ 10

ಇಲ್ಲಿ ರಾತ್ರಿ ಇಡೀ ಮಲಗುತ್ತೇನೆ. ಹಗಲೂ ಮಲಗುತ್ತೇನೆ. ಡಲ್ಸಿಗೆ ಫೋನು ಮಾಡಿದೆ. ಇಬ್ಬರೂ ಬರೀ ಅತ್ತೆವು, ಆಮೇಲೆ ಯಾಕೋ ನಕ್ಕೆವು. ಕೋರ್ಟಿಗೆ ಜೊತೆಗೆ ಬರುತ್ತೇನೆ ಎಂದಿದ್ದಾಳೆ ಇಲ್ಲಿಯ ಹೆಂಗಸು. ನನ್ನ ಹತ್ತಿರ ಬರಬಾರದು ಎಂದು ಅವನಿಗೆ ಆದೇಶವಾಗುತ್ತದಂತೆ.

ಇವತ್ತು ಫೀಮಿ ಅತ್ತೆ ಬ್ರೈಡಿ ಅಕ್ಕನ ಮನೆಯಿಂದ ಮಾತಾಡಿದರು. ಈಗ ಅಲ್ಲೇ ಇದ್ದಾರೆ. ನಾವು ಹೊರಟ ಮೇಲೆ ಏನಾಯಿತು ಎಂದು ನಾನೇ ಕೇಳಿದೆ.

"ನಾನು ಒಲೆ ಕಡೆ ಮುಖ ಮಾಡ್ಕೊಂಡು ನಿಂತಿದ್ದೆ. ನೀನೇ ಅಂದ್ಕೊಂಡ. ಚಿಲಕ ಹಾಕ್ದ. ಆಮೇಲೆ ಶುರು ಮಾಡ್ದ."

"ಏನಂದ?"

"ಎಲ್ಲರ ಮುಂದೆ ಹಲ್ಲು ಕಿರೀತೀಯಲ್ಲ, ಕ್ಯಾಬಿನ್ನಲ್ಲಿ ಯಾರ್ ಮುಂದೆ ಕಿರೀತೀಯ ನೋಡ್ತೀನಿ, ಅಲ್ಲಿ ನೀನು ಕಿರುಚಿದ್ರೂ ಕೇಳೋರಿಲ್ಲ, ಅಂದ. ನಗ್ತಾ ಹೇಳ್ತಿದ್ದ ಕಣೆ. ಪಿಸುಮಾತಲ್ಲಿ. ಆ ದನಿ ಅವನ್ದಲ್ಲ. ನನ್ ಗಂಡಂದು. ಒಂದೊಂದ್ ಮಾತೂ. 'ನಾನ್ ಮಾತಾಡೋವಾಗ ಈ ಕಡೆ ತಿರುಗು,' ಅಂದ. ತಿರುಗ್ದೆ."

"ಅಯ್ಯೋ ಅತ್ತೆ."

"'ನಿಮ್ಮಪ್ಪ ಸತ್ತು ಮಣ್ಣಾದ ಅಂದ್ಕೊಂಡಿದ್ದೆ ಸೆಲ್ಬಿ,' ಅಂದೆ. ಅಷ್ಟೇ ಅಂದಿದ್ದು. ಬಂದೂಕಿನ ಕಡೆ ನೋಡ್ದ. ಡಬ್ಬಿ ಖಾಲಿ. ಆಮೇಲೆ ಕೈಗೆ ಸಿಕ್ಕಿದ ಪಿಂಗಾಣಿ ಎಲ್ಲ ಒಡೆದ. ನನ್ನ ಮುಟ್ಲಿಲ್ಲ. ಪೊಲೀಸರು ಬರೋ ತನಕ ನಾನು ಕುರ್ಚೀಲಿ ಕೂತಿದ್ದೆ."

ನಾನು ಫೋನನ್ನು ಎರಡು ಕೈಯಲ್ಲಿ ಹಿಡಿದುಕೊಂಡಿದ್ದೆ. ತಿಮಿಂಗಿಲ ಕಂಡವಳು ನಾನು, ಬೆಟ್ಟದಷ್ಟು ಮಂಜುಗಡ್ಡೆ ಮಗುಚಿ ಬೀಳುವುದನ್ನು ಕಂಡವಳು. ಕುರ್ಚಿಯಲ್ಲಿ ಕೂತ ಆ ಮುದುಕಿಯ ಮುಂದೆ ಅದೆಲ್ಲ ಏನೂ ಅಲ್ಲ. ಅದನ್ನು ಹೇಳಲು ಹೋದೆ, ಅವರು ಬಿಡಲಿಲ್ಲ.

"ಅಲ್ಲಿ ಮಕ್ಕಳಿರೋರೂ ಇದಾರಾ?" ಎಂದರು.

"ಇದಾರೆ ಅತ್ತೆ." ಎದುರಿಗೇ ಒಬ್ಬಳು ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಹಾಲು ಬಿಸಿ ಮಾಡುತ್ತಿದ್ದಳು. ಕೂಸು ಅವಳ ಕೂದಲು ಜಗ್ಗುತ್ತಿತ್ತು.

"ಅರವತ್ತೊಂದನೇ ಇಸ್ವೀಲಿ ಒಂದಿನ ನಾನು ಸೆಲ್ಬೀನ ಶಾಲಲ್ಲಿ ಸುತ್ಕೊಂಡು ರಸ್ತೆ ತನಕ ಹೋಗಿದ್ದೆ. ಆರು ತಿಂಗಳ ಕೂಸು. ಆಮೇಲೆ ಎಲ್ಲಿಗೆ ಹೋಗೋದು ಅಂತ ಗೊತ್ತಾಗ್ಲಿಲ್ಲ. ವಾಪಸ್ ಬಂದೆ." ಕೆಮ್ಮಿದರು. "ಆಗ ಅಂಥ ಮನೆ ಇದ್ದಿದ್ರೆ, ಕೂಸಿನ ಸಮೇತ ಸೇರಿಸ್ಕೋತಿದ್ರಾ?"

"ಸೇರಿಸ್ಕೋತಿದ್ರು ಅತ್ತೆ."

"ಹಾಗಾದ್ರೆ ಅವ್ನು ಬೇರೆ ಥರ ಆಗ್ತಿದ್ನೇನೋ."

ನನಗೆ ಗೊತ್ತಿಲ್ಲ. ಅತ್ತೆ ಫೋನು ಇಡಲಿಲ್ಲ, ನಾನೂ ಇಡಲಿಲ್ಲ. ಇಬ್ಬರೂ ಹಾಗೇ ಹಿಡಿದುಕೊಂಡಿದ್ದೆವು. ಇಲ್ಲಿ ಕೂಸು ಹಾಲು ಕುಡಿಯುವ ಸದ್ದು ಅವರಿಗೂ ಕೇಳಿಸುತ್ತಿತ್ತೆಂದು ಕಾಣುತ್ತದೆ.